ಬಿಸಿ ಹಬ್ ನೀರು ಕುಡಿಯುತ್ತದೆ

ನೆಲದ ಮೇಲೆ ಮೋಟಾರು ಗಾಡಿಯಾಗಿಯೂ ನೀರಿನಲ್ಲಿ ದೋಣಿಯಾಗಿಯೂ ಸಾಗುವ ಉಭಯಚರ ವಾಹನಗಳ ಬಗ್ಗೆ ಈ ಅಂಕಣದ ಓದುಗರು ಕೇಳುವ ಪ್ರಶ್ನೆಗಳಲ್ಲಿ ಎಂಜಿನ್ನಿಗೆ ಸಂಬಂಧಪಟ್ಟವು ಕಡಿಮೆ, ತೇಲುವ ಬಗೆಗೆ ಸಂಬಂಧಪಟ್ಟವು ಇನ್ನೂ ಕಡಿಮೆ; ಹೆಚ್ಚಿನವು ಬಂದು ನಿಲ್ಲುವುದು ಚಕ್ರದ ಬೇರಿಂಗಿನ ಬಳಿ. ರಸ್ತೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉರುಳುವ ಬೇರಿಂಗ್, ಸೊಂಟದ ಆಳವೂ ಇಲ್ಲದ ನೀರಿಗೆ ಹತ್ತಿಪ್ಪತ್ತು ಸಲ ಇಳಿದು ಹತ್ತಿದ ಮಾತ್ರಕ್ಕೆ ಗೊರಗೊರ ಎನ್ನತೊಡಗುವುದೇಕೆ ಎಂಬುದೇ ಆ ಪ್ರಶ್ನೆಗಳ ತಿರುಳು. ನೀರು ಒತ್ತುತ್ತದೆ, ಸೀಲು ಸೋಲುತ್ತದೆ, ಆದ್ದರಿಂದ ಗಟ್ಟಿ ಗ್ರೀಸ್ ತುಂಬಬೇಕು ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಬಿಟ್ಟಿರುವುದರಿಂದಲೇ ಅದನ್ನು ನಂಬಿದವರು ವರ್ಷಕ್ಕೊಂದು ಜೊತೆ ಬೇರಿಂಗ್ ಕೊಳ್ಳಬೇಕಾಗುತ್ತದೆ. ಬಹಳ ಸಂದರ್ಭಗಳಲ್ಲಿ ನೀರು ತಾನಾಗಿ ಒಳನುಗ್ಗುವುದಿಲ್ಲ, ಹಬ್ ತಾನೇ ಅದನ್ನು ಹೀರಿಕೊಳ್ಳುತ್ತದೆ.

ಹೀರುವುದು ಹೇಗೆಂದು ತಿಳಿಯಲು ಚಕ್ರದ ಒಳಗನ್ನು ಸ್ವಲ್ಪ ನೋಡಬೇಕು. ಹಲವು ವಾಹನಗಳ ಚಕ್ರಗಳಲ್ಲಿರುವುದು ಟೇಪರ್ ರೋಲರ್ ಬೇರಿಂಗ್, ಎಂದರೆ ಒಂದು ತುದಿಗೆ ಸಣ್ಣದಾಗುತ್ತ ಹೋಗುವ ಉಕ್ಕಿನ ಉರುಳೆಗಳನ್ನು ಎರಡು ಉಕ್ಕಿನ ಬಳೆಗಳ ನಡುವೆ ಕೂರಿಸಿದ ಜೋಡಣೆ. ಅಮೆರಿಕದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ರೇಸ್ ಎಂದು ಕರೆಯಲಾಗುವ ಆ ಬಳೆಗಳಲ್ಲಿ ಒಳಗಿನದು ಸ್ಪಿಂಡಲಿನ ಮೇಲೆ, ಅಂದರೆ ಚಕ್ರವನ್ನು ಹೊರುವ ಅಚ್ಚಿನ ಮೂತಿಯ ಮೇಲೆ ಕೂರುತ್ತದೆ. ಹೊರಗಿನದು ಚಕ್ರದ ನಡುಭಾಗವಾದ ಹಬ್‌ನೊಳಗೆ ಕೂರುತ್ತದೆ. ಒಂದು ಚಕ್ರಕ್ಕೆ ಇಂಥ ಎರಡು ಬೇರಿಂಗುಗಳಿದ್ದು, ಅವುಗಳ ನಡುವೆ ಒಂದು ಹಿಡಿಯಷ್ಟು ಪೊಳ್ಳು ಜಾಗ ಉಳಿಯುತ್ತದೆ. ವಾಹನದ ಒಳಮಗ್ಗುಲಿಗೆ ರಬ್ಬರಿನ ತುಟಿಯುಳ್ಳ ಆಯಿಲ್ ಸೀಲ್, ಹೊರಮಗ್ಗುಲಿಗೆ ತಗಡಿನ ಮುಚ್ಚಳ. ಇವೆರಡರ ನಡುವೆ ಗ್ರೀಸು, ರೋಲರುಗಳು ಮತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗಾಳಿ ಒಟ್ಟಿಗೆ ಇರುತ್ತವೆ.

ರಸ್ತೆಯಲ್ಲಿ ಓಡುವಾಗ ಬೇರಿಂಗಿನ ಉಜ್ಜಾಟದಿಂದ ಸ್ವಲ್ಪ, ಬ್ರೇಕಿನಿಂದ ಬಹಳ ಶಾಖ ಹುಟ್ಟಿ ಹಬ್ ಕಾಯುತ್ತದೆ. ದಡಕ್ಕೆ ಇಳಿಯುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬರುವುದರಿಂದ ನೀರು ಮುಟ್ಟುವ ಕ್ಷಣದಲ್ಲಿಯೇ ಅದು ಅತಿ ಬಿಸಿಯಾಗಿರುತ್ತದೆ. ಕಾದ ಗಾಳಿ ಹಿಗ್ಗಿ, ಸ್ವಲ್ಪಸ್ವಲ್ಪವೇ ಹೊರಗೆ ಸೋರಿಹೋಗಿರುತ್ತದೆ. ಹೀಗೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಹಬ್ 25 ಡಿಗ್ರಿಯ ನೀರಿನಲ್ಲಿ ಮುಳುಗಿತೆಂದು ಇಟ್ಟುಕೊಂಡರೆ, ಒಳಗುಳಿದ ಗಾಳಿ ತಣಿದಂತೆ ಅದರ ಒತ್ತಡ ಸುಮಾರು ಶೇ 13ರಷ್ಟು ಕುಸಿಯುತ್ತದೆ. ಇದು ಅನಿಲಗಳ ಒತ್ತಡ ಮತ್ತು ಉಷ್ಣತೆಯ ಸಂಬಂಧವನ್ನು ಹೇಳುವ ಶಾಲಾಪಠ್ಯದ ನಿಯಮದಿಂದಲೇ ಸಿಗುವ ಲೆಕ್ಕ. ವಾಯುಮಂಡಲದ ಒತ್ತಡದ ಶೇ 13 ಎಂದರೆ ಹೆಚ್ಚುಕಡಿಮೆ 1.3 ಮೀಟರ್ ಎತ್ತರದ ನೀರಿನ ಕಂಬ ಒತ್ತುವಷ್ಟು ಬಲ. ತೇಲುತ್ತಿರುವ ಸಣ್ಣ ಉಭಯಚರ ವಾಹನವೊಂದರ ಹಬ್ ನೀರಿನ ಮೇಲ್ಮೈಯಿಂದ ಅರ್ಧ ಮೀಟರ್ ಕೆಳಗಿದೆಯೆಂದರೆ, ಹೊರಗಿನ ನೀರು ಒತ್ತುವ ಬಲಕ್ಕಿಂತ ಒಳಗಿನ ಹೀರುವಿಕೆಯ ಬಲ ಎರಡೂವರೆ ಪಟ್ಟು ಹೆಚ್ಚು. ಅರ್ಧ ಮೀಟರ್ ನೀರಿನ ಲೆಕ್ಕ ಹಾಕಿ ಸೀಲು ಆರಿಸಿದವರು ವಾಸ್ತವದಲ್ಲಿ ಸುಮಾರು 1.8 ಮೀಟರ್ ನೀರಿಗೆ ಎದುರಾಗಿರುತ್ತಾರೆ.

ಮಲೆನಾಡಿನ ಎತ್ತಿನ ಗಾಡಿಗಳು ಹಳ್ಳ ದಾಟುವುದನ್ನು ಕಂಡವರಿಗೆ ಇಲ್ಲೊಂದು ಪ್ರಶ್ನೆ ಏಳಬಹುದು: ಅವುಗಳ ಅಚ್ಚಿಗೆ ಈ ಬಾಧೆ ಏಕಿರಲಿಲ್ಲ? ಕೀಲೆಣ್ಣೆ ಸವರಿದ ಆ ಅಚ್ಚು ತೆರೆದಿದ್ದುದೇ ಕಾರಣ. ಅಲ್ಲಿ ಬಂಧಿಯಾದ ಗಾಳಿಯಿಲ್ಲ, ಆದ್ದರಿಂದ ಹೀರುವಿಕೆಯೂ ಇಲ್ಲ. ನೀರು ಬಂದಷ್ಟೇ ಸಲೀಸಾಗಿ ಹೊರಟುಹೋಗುತ್ತದೆ, ತೊಳೆದುಹೋದ ಎಣ್ಣೆಯನ್ನು ಮತ್ತೆ ಸವರಿದರೆ ಮುಗಿಯಿತು. ಮುಚ್ಚಿದ ಹಬ್ ಧೂಳಿನಿಂದ ಕಾಪಾಡಲು ಹುಟ್ಟಿದ್ದು; ಒಮ್ಮೆ ಒಳಹೊಕ್ಕ ನೀರನ್ನು ಅಷ್ಟೇ ನಿಷ್ಠೆಯಿಂದ ಒಳಗೇ ಕಾಪಾಡುವುದೂ ಅದರ ಗುಣವೇ.

ಒಳಗೆ ಉಳಿದ ನೀರು ಮಾಡುವ ಕೆಡುಕು ಬರಿಯ ತುಕ್ಕಿನಲ್ಲಿ ಮುಗಿಯುವುದಿಲ್ಲ. ರೋಲರಿಗೂ ರೇಸಿಗೂ ನಡುವೆ ಇರುವ ಎಣ್ಣೆಯ ಪೊರೆಯ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಉಕ್ಕು ಉಕ್ಕನ್ನು ಮುಟ್ಟದಂತೆ ತಡೆಯುವುದು ಇಷ್ಟು ತೆಳುವಾದ ಪೊರೆಯೇ. ಎಣ್ಣೆಯು ಅಪಾರ ಒತ್ತಡದಲ್ಲಿ ಕ್ಷಣಕಾಲ ಗಟ್ಟಿಯಾಗಿ ನಿಂತು ಭಾರ ಹೊರಬಲ್ಲದು, ನೀರಿಗೆ ಆ ಗುಣವಿಲ್ಲ. ನೀರಿನ ಹನಿ ಬಂದೆಡೆ ಪೊರೆ ಹರಿದು ಲೋಹಗಳು ನೇರವಾಗಿ ಉಜ್ಜುತ್ತವೆ. ಎಣ್ಣೆಯಲ್ಲಿನ ನೀರಿಗೂ ಬೇರಿಂಗಿನ ಆಯಸ್ಸಿಗೂ ಇರುವ ಸಂಬಂಧವನ್ನು ಟೇಪರ್ ರೋಲರ್ ಬೇರಿಂಗುಗಳಲ್ಲಿ ಪರೀಕ್ಷಿಸಿ 1977ರಲ್ಲಿ ಪ್ರಕಟಿಸಲಾದ, ಇಂದಿಗೂ ಎಂಜಿನಿಯರುಗಳು ಬಳಸುವ ಸೂತ್ರವೊಂದಿದೆ. ಅದರ ಪ್ರಕಾರ ಹತ್ತು ಲಕ್ಷ ಭಾಗ ಎಣ್ಣೆಯಲ್ಲಿ ನೂರು ಭಾಗ ನೀರಿದ್ದಾಗಿನ ಆಯಸ್ಸನ್ನು ಒಂದು ಎಂದು ಹಿಡಿದರೆ, ನೀರು ಸಾವಿರ ಭಾಗಕ್ಕೇರಿದಾಗ ಆಯಸ್ಸು ಕಾಲು ಭಾಗಕ್ಕೆ ಇಳಿಯುತ್ತದೆ. ಸಾವಿರ ಭಾಗವೆಂದರೆ ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್, ತೀರ ಅಲ್ಪ ಪ್ರಮಾಣ.

ಇದಕ್ಕಿಂತ ಗುಟ್ಟಾದ ಹಾನಿ ವಾಹನ ನಿಂತಾಗ ಆಗುತ್ತದೆ. ಕೆಟ್ಟ ಬೇರಿಂಗನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊರ ರೇಸನ್ನು ಬೆಳಕಿಗೆ ಹಿಡಿದರೆ ಅದರ ಹೊಳೆಯುವ ಮೈಯ ಮೇಲೆ ಅಡ್ಡಡ್ಡವಾಗಿ ಎಳೆದ ಕಪ್ಪು ಗೆರೆಗಳು ಕಾಣಿಸುತ್ತವೆ. ಗೆರೆಯಿಂದ ಗೆರೆಗೆ ಇರುವ ಅಂತರವು ರೋಲರಿನಿಂದ ರೋಲರಿಗೆ ಇರುವ ಅಂತರಕ್ಕೆ ಸರಿಯಾಗಿ ಹೊಂದುತ್ತದೆ. ಚಕ್ರ ತಿರುಗದೆ ನಿಂತ ದಿನಗಳಲ್ಲಿ ರೋಲರ್ ರೇಸನ್ನು ಮುಟ್ಟಿದ ಗೆರೆಯುದ್ದಕ್ಕೂ ನೀರು ಸೇರಿಕೊಂಡು ಕೊರೆದ ಗುರುತುಗಳಿವು. ಉಗುರಿನ ತುದಿಗೆ ಸಿಕ್ಕೀತೋ ಇಲ್ಲವೋ ಎಂಬಷ್ಟು ಸಣ್ಣ ತಗ್ಗುಗಳಾದರೂ, ಮುಂದೆ ರಸ್ತೆಯಲ್ಲಿ ಓಡುವಾಗ ಪ್ರತಿ ರೋಲರೂ ಪ್ರತಿ ತಗ್ಗಿನ ಅಂಚನ್ನು ಬಡಿಯುತ್ತ ಹೋಗಿ ಅಲ್ಲಿಂದ ಉಕ್ಕಿನ ಚೂರುಗಳು ಏಳತೊಡಗುತ್ತವೆ, ಆ ಚೂರುಗಳು ಉಳಿದ ಮೈಯನ್ನೂ ಕೆಡಿಸುತ್ತವೆ. ಮೆಕ್ಯಾನಿಕ್ ಕೇಳುವ ಗೊರಗೊರ ಸದ್ದು ಇದೇ. ಆದ್ದರಿಂದ ನೀರಿನಲ್ಲಿ ಕಳೆದ ಒಂದು ಗಂಟೆಗಿಂತ, ಆ ಬಳಿಕ ಶೆಡ್ಡಿನಲ್ಲಿ ಕಳೆದ ಒಂದು ತಿಂಗಳೇ ಬೇರಿಂಗನ್ನು ಕೊಲ್ಲುತ್ತದೆ ಎಂದರೆ ಅತಿಶಯವಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಮಸ್ಯೆ ಸೇನೆಗಳ ಎದುರು ದೊಡ್ಡ ಪ್ರಮಾಣದಲ್ಲಿ ಬಂದು ನಿಂತಿತು. ಸೈನಿಕರು ಡಕ್ ಎಂದು ಕರೆಯುತ್ತಿದ್ದ, ಜನರಲ್ ಮೋಟಾರ್ಸ್‌ನ ಆರು ಚಕ್ರಗಳ ಉಭಯಚರ ಟ್ರಕ್ಕು 1942ರಿಂದ ಯುದ್ಧ ಮುಗಿಯುವವರೆಗೆ 21 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಅದೇ ಕಾಲದಲ್ಲಿ ಫೋರ್ಡ್ ತಯಾರಿಸಿದ ಉಭಯಚರ ಜೀಪು 12 ಸಾವಿರ ದಾಟಿತು. ಆ ಹೊತ್ತಿಗೆ ದೊರೆಯುತ್ತಿದ್ದ ಗ್ರೀಸುಗಳಲ್ಲಿ ಒಂದು ವಿಚಿತ್ರ ಇಕ್ಕಟ್ಟಿತ್ತು. ಗ್ರೀಸ್ ಎಂಬುದು ಬೇರೇನೂ ಅಲ್ಲ, ಸಾಬೂನಿನ ನಾರಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ; ಯಾವ ಸಾಬೂನು ಎಂಬುದರ ಮೇಲೆ ಅದರ ಸ್ವಭಾವ ನಿಲ್ಲುತ್ತದೆ. ಚಕ್ರದ ಬೇರಿಂಗಿಗೆ ಬಳಸುತ್ತಿದ್ದ ಸೋಡಿಯಂ ಸಾಬೂನಿನ ಗ್ರೀಸು ಶಾಖಕ್ಕೆ ಬಗ್ಗುತ್ತಿರಲಿಲ್ಲ, ಆದರೆ ನೀರು ಕಂಡರೆ ಸ್ನಾನದ ಸಾಬೂನಿನಂತೆ ಕರಗಿ ಹರಿಯುತ್ತಿತ್ತು. ಕ್ಯಾಲ್ಸಿಯಂ ಸಾಬೂನಿನ ಗ್ರೀಸು ನೀರಿಗೆ ಜಗ್ಗುತ್ತಿರಲಿಲ್ಲ, ಆದರೆ ಸುಮಾರು 60 ಡಿಗ್ರಿ ದಾಟಿದರೆ ಅದರ ಕಟ್ಟು ಸಡಿಲವಾಗುತ್ತಿತ್ತು. ನೆಲದ ವಾಹನ ಒಂದನ್ನು, ದೋಣಿ ಇನ್ನೊಂದನ್ನು ಆರಿಸಿಕೊಂಡು ಸುಖವಾಗಿರಬಹುದಿತ್ತು; ಎರಡೂ ಆಗಬೇಕಾದ ವಾಹನಕ್ಕೆ ಎರಡರ ದೋಷವೂ ತಟ್ಟುತ್ತಿತ್ತು. ಶಾಖ ಮತ್ತು ನೀರು ಎರಡನ್ನೂ ಸಾಕಷ್ಟು ತಡೆಯುವ ಲಿಥಿಯಂ ಗ್ರೀಸಿಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ ಪೇಟೆಂಟ್ ಪಡೆದದ್ದೂ 1942ರಲ್ಲಿಯೇ. ಇಂದು ಯಾವ ಅಂಗಡಿಯಲ್ಲಿಯೂ ಸಿಗುವುದು ಇದೇ ವಂಶದ ಗ್ರೀಸು. ನೀರಿನ ಕೆಲಸಕ್ಕೆ ಇದಕ್ಕಿಂತ ಮೇಲಾದುದು ಕ್ಯಾಲ್ಸಿಯಂ ಸಲ್ಫೊನೇಟ್ ಕಾಂಪ್ಲೆಕ್ಸ್ ಎಂಬ ಹೊಸ ಬಗೆ, ತುಕ್ಕು ತಡೆಯುವ ಗುಣ ಅದರ ಸಾಬೂನಿನಲ್ಲಿಯೇ ಇದೆ. ಒಂದು ಬಗೆಯ ಗ್ರೀಸಿನ ಮೇಲೆ ಇನ್ನೊಂದನ್ನು ತುರುಕಿದರೆ ಕೆಲವೊಮ್ಮೆ ಎರಡೂ ಹಾಳಾಗಿ ಎಣ್ಣೆ ಬೇರೆಯಾಗಿ ಸೋರುವುದರಿಂದ, ಬದಲಾಯಿಸುವಾಗ ಹಳೆಯದನ್ನು ಪೂರ್ತಿ ತೊಳೆದು ತೆಗೆಯುವುದು ಅಗತ್ಯ.

ಆ ಫೋರ್ಡ್ ಜೀಪಿಗೆ ಭಾರತದ ನಂಟೊಂದಿದೆ. ಭಾರತೀಯ ಸೇನೆಯ ಎಂಜಿನಿಯರ್ ವಿಭಾಗದಲ್ಲಿದ್ದ ಆಸ್ಟ್ರೇಲಿಯದ ಬೆನ್ ಕಾರ್ಲಿನ್ 1946ರಲ್ಲಿ ಬಂಗಾಳದ ಕಲೈಕುಂಡಾ ವಿಮಾನನೆಲೆಯಲ್ಲಿ ಅಂಥದೊಂದು ಜೀಪನ್ನು ಕಂಡು, ಅದರಲ್ಲಿ ಜಗತ್ತು ಸುತ್ತಬಹುದೆಂದು ತೀರ್ಮಾನಿಸಿದನು. ‘ಹಾಫ್ ಸೇಫ್’ ಎಂದು ಹೆಸರಿಟ್ಟ ಜೀಪಿನಲ್ಲಿ 1950ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದು, 1958ರಲ್ಲಿ ಪ್ರದಕ್ಷಿಣೆ ಮುಗಿಸಿದನು. ಸುಮಾರು ಒಂದು ತಿಂಗಳು ಉಪ್ಪುನೀರಿನಲ್ಲಿ ನೇತಾಡಿದ ನಾಲ್ಕು ಚಕ್ರಗಳು ದಡ ಸೇರಿದೊಡನೆ ರಸ್ತೆಯಲ್ಲಿ ಓಡಬೇಕಾಗಿತ್ತೆಂಬುದನ್ನು ನೆನೆದರೆ, ಆ ಸಾಹಸದ ಅಲೆ ಬಿರುಗಾಳಿಗಳ ಭಾಗಕ್ಕಿಂತ ಈ ಭಾಗವೇ ಬೇರಿಂಗ್ ಬಲ್ಲವರಿಗೆ ಹೆಚ್ಚು ದಿಗಿಲು ಹುಟ್ಟಿಸುವಂಥದು.

ಸಾರ್ವಜನಿಕರಿಗೆ ಮಾರಾಟವಾದ ಉಭಯಚರ ಕಾರುಗಳಲ್ಲಿ ಹೆಸರುವಾಸಿಯಾದದ್ದು ಜರ್ಮನಿಯ ಆಂಫಿಕಾರ್. ಹಾನ್ಸ್ ಟ್ರಿಪ್ಪೆಲ್ ರೂಪಿಸಿದ ಈ ಕಾರು 1961ರಿಂದ ಏಳೆಂಟು ವರ್ಷ ಮಾರುಕಟ್ಟೆಯಲ್ಲಿದ್ದು ನಾಲ್ಕು ಸಾವಿರದ ಒಳಗೇ ನಿಂತುಹೋಯಿತು. ನೀರಿನಲ್ಲಿ ಅದನ್ನು ನಡೆಸುವುದು ಹಿಂಬದಿಯ ಎರಡು ಪ್ರೊಪೆಲ್ಲರುಗಳು, ತಿರುಗಿಸುವುದು ಮುಂದಿನ ಚಕ್ರಗಳೇ. ಚುಕ್ಕಾಣಿಯಾಗಿ ಎಡಬಲಕ್ಕೆ ಹೊರಳುತ್ತ ಅವು ನೀರಿನೊಳಗೇ ಇರುತ್ತವೆ. ಆಂಫಿಕಾರಿನ ತಯಾರಕರು ನೀರನ್ನು ಪೂರ್ತಿಯಾಗಿ ತಡೆಯುವ ಹಟ ತೊಡಲಿಲ್ಲ. ನೀರು ಬರುತ್ತದೆಂದೇ ಒಪ್ಪಿಕೊಂಡು, ಬಂದ ನೀರನ್ನು ಹೊಸ ಗ್ರೀಸಿನಿಂದ ಹೊರದೂಡುವ ದಾರಿ ಹಿಡಿದರು. ಹೀಗಾಗಿ ನೀರಿನ ಓಡಾಟದ ಬಳಿಕ ಹತ್ತಕ್ಕಿಂತ ಹೆಚ್ಚು ಕಡೆ ಗ್ರೀಸ್ ಗನ್ ಹಿಡಿಯಬೇಕು. ಅವುಗಳಲ್ಲೊಂದು ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಮೂತಿ, ಹಿಂದಿನ ಸೀಟನ್ನು ತೆಗೆದರೆ ಮಾತ್ರ ಕೈಗೆ ಸಿಗುತ್ತದೆ. ಕಾರು ಕೊಂಡವರಲ್ಲಿ ಎಷ್ಟು ಮಂದಿ ವಿಹಾರ ಮುಗಿಸಿ ಬಂದ ಸಂಜೆ ಸೀಟು ಕಿತ್ತಾರು ಎಂಬ ಪ್ರಶ್ನೆ ವಿನ್ಯಾಸಕಾರರಿಗೆ ಹೊಳೆಯದೆ ಹೋದದ್ದು ಆಶ್ಚರ್ಯ. ಕೆನಡಾದಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೊ ಎಂಬ ಆರು ಅಥವಾ ಎಂಟು ಚಕ್ರಗಳ ಪುಟ್ಟ ವಾಹನದ ಸ್ಥಿತಿ ಇನ್ನೊಂದು ಬಗೆಯದು: ಅಲ್ಲಿ ದಪ್ಪ ಟಯರುಗಳೇ ಹುಟ್ಟುಗೋಲಾಗಿ ನೀರನ್ನು ತಳ್ಳುವುದರಿಂದ ಬೇರಿಂಗುಗಳು ಮುಳುಗಿದ ಸ್ಥಿತಿಯಲ್ಲಿಯೇ ತಿರುಗುತ್ತಿರುತ್ತವೆ. ಅಚ್ಚು ತೊಟ್ಟಿಯಂಥ ದೇಹದ ಗೋಡೆಯನ್ನು ದಾಟುವ ಕಡೆ ಸೀಲು ಸೋತರೆ ಬೇರಿಂಗ್ ಮಾತ್ರವಲ್ಲ, ವಾಹನದೊಳಕ್ಕೂ ನೀರು ಬರುತ್ತದೆ.

ದೇಹವನ್ನು ದಾಟುವ ಸೀಲಿನ ಗಾಂಭೀರ್ಯ ತಿಳಿಯಲು 1999ರ ಮೇ ತಿಂಗಳಲ್ಲಿ ಅಮೆರಿಕದ ಅರ್ಕನ್ಸಾಸ್ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ಮುಳುಗಿದ ಹಳೆಯ ಡಕ್ ವಾಹನದ ಪ್ರಸಂಗ ಸಾಕು. ಚಾಲನಾದಂಡದ (ಡ್ರೈವ್ ಶಾಫ್ಟ್) ಸುತ್ತಲಿನ ರಬ್ಬರ್ ತೋಳು ಸಡಿಲಗೊಂಡು ನೀರು ನುಗ್ಗಿ 13 ಪ್ರವಾಸಿಗರು ಸತ್ತರು. ಚಕ್ರದ ಬೇರಿಂಗಿನ ಸೀಲು ಸೋತರೆ ಹಣದ ನಷ್ಟ, ದೇಹದ ಸೀಲು ಸೋತರೆ ಪ್ರಾಣದ ನಷ್ಟ ಎಂಬ ಭೇದವನ್ನು ಗಮನದಲ್ಲಿಟ್ಟುಕೊಂಡೇ ಈ ಬರಹದ ಉಳಿದ ಭಾಗವನ್ನು ಓದಬೇಕು.

ಸಾಮಾನ್ಯ ಸೀಲಿನ ತುಟಿ ಒಳಮುಖವಾಗಿರುತ್ತದೆ. ಗ್ರೀಸು ಹೊರಬೀಳದಂತೆ ತಡೆಯುವುದು ಅದರ ಕೆಲಸವಾದ್ದರಿಂದ ಒಳಗಿನಿಂದ ಒತ್ತಿದಷ್ಟೂ ಅದು ಅಚ್ಚಿಗೆ ಬಿಗಿಯಾಗುತ್ತದೆ, ಹೊರಗಿನಿಂದ ಒತ್ತಿದರೆ ಬಾಗಿಲಿನಂತೆ ತೆರೆದುಕೊಳ್ಳುತ್ತದೆ; ಬಿಸಿ ಹಬ್ ಹೀರುವಾಗ ಆಗುವುದು ಇದೇ. ಆದ್ದರಿಂದ ನೀರಿಗಿಳಿಯುವ ಚಕ್ರಕ್ಕೆ ಎರಡು ತುಟಿಗಳು ಬೇಕು, ಹೊರಗಿನದು ಹೊರಮುಖವಾಗಿರಬೇಕು. ತುಟಿ ಉಜ್ಜುವ ಜಾಗದಲ್ಲಿ ಅಚ್ಚಿನ ಮೇಲೆ ಕಾಲಕ್ರಮೇಣ ಬೀಳುವ ಸಣ್ಣ ಸವಕಳಿ ಗೀರು ಹೊಸ ಸೀಲನ್ನೂ ಸೋಲಿಸುತ್ತದೆ. ಹೊಸ ಸೀಲು ಹಾಕಿಯೂ ನೀರು ಬಂತೆಂದು ದೂರುವವರು ನೋಡಬೇಕಾದ ಜಾಗ ಈ ಗೀರು. ಇದಕ್ಕಿಂತ ಮುಂದಿನ ಮೆಟ್ಟಿಲು ಕ್ಯಾಸೆಟ್ ಸೀಲ್: ಹಲವು ತುಟಿಗಳನ್ನೂ ಅವು ಉಜ್ಜುವ ಲೋಹದ ತೋಳನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದ ಜೋಡಣೆಯಾದ್ದರಿಂದ ಇಲ್ಲಿ ಅಚ್ಚು ಸವೆಯುವ ಮಾತೇ ಇಲ್ಲ. ಕುತೂಹಲದ ಸಂಗತಿಯೆಂದರೆ ಇಂಥ ಸೀಲುಗಳಿಗೆ ಬೇಡಿಕೆ ಇರುವುದು ಉಭಯಚರ ವಾಹನಗಳಿಂದಲ್ಲ, ಭತ್ತದ ಗದ್ದೆಯ ಟ್ರ್ಯಾಕ್ಟರುಗಳಂಥ ಯಂತ್ರಗಳಿಂದ. ಗಂಗಾವತಿ ಸೀಮೆಯಲ್ಲೋ ಮಂಡ್ಯದಲ್ಲೋ ನಾಟಿಗೆ ಮುಂಚೆ ಕೆಸರು ತುಳಿಯುವ ಟ್ರ್ಯಾಕ್ಟರಿನ ಹಬ್ ದಿನವಿಡೀ ನೀರು ಮತ್ತು ಜಿಗಟು ಮಣ್ಣಿನಲ್ಲಿ ಮುಳುಗೇಳುತ್ತದೆ. ಆ ದೃಷ್ಟಿಯಿಂದ ಕನ್ನಡನಾಡಿನಲ್ಲಿ ಅರೆ ಉಭಯಚರ ವಾಹನಗಳಿಗೆ ಕೊರತೆಯಿಲ್ಲ.

ಹಬ್‌ನಲ್ಲಿ ಎಷ್ಟು ಗ್ರೀಸ್ ತುಂಬಬೇಕೆಂಬುದು ಗ್ಯಾರೇಜುಗಳಲ್ಲಿ ಬಗೆಹರಿಯದ ಜಗಳ. ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು, ಹೆಚ್ಚು ತುಂಬಿದರೆ ರೋಲರುಗಳು ಗ್ರೀಸನ್ನು ಕಡೆಯುತ್ತ ಹಬ್ ಕಾಯುತ್ತದೆ ಎಂಬುದು ರಸ್ತೆಯ ವಾಹನಕ್ಕೆ ಒಪ್ಪುವ ಮಾತು. ಆದರೆ ಖಾಲಿ ಬಿಟ್ಟ ಜಾಗವೆಂದರೆ ಗಾಳಿ, ಗಾಳಿಯೆಂದರೆ ಹೀರುವಿಕೆ ಎಂಬುದನ್ನು ಮೇಲೆ ನೋಡಿದ್ದಾಯಿತು. ರಸ್ತೆಯಲ್ಲಿ ನಿಧಾನವಾಗಿಯೇ ಓಡುವ, ಪದೇಪದೇ ನೀರಿಗಿಳಿಯುವ ವಾಹನದ ಹಬ್ ಅನ್ನು ಪೂರ್ತಿ ತುಂಬುವುದೇ ಈ ಅಂಕಣದ ಮಟ್ಟಿಗೆ ಸರಿಯಾದ ನಿಲುವು. ಸ್ವಲ್ಪ ಹೆಚ್ಚು ಕಾಯುವ ಹಬ್, ಸ್ವಲ್ಪವೇ ನೀರು ಕುಡಿದ ಹಬ್‌ಗಿಂತ ವಾಸಿ. ದೋಣಿ ಸಾಗಿಸುವ ಟ್ರೈಲರುಗಳಲ್ಲಿ ಬಳಸುವ ಸ್ಪ್ರಿಂಗ್ ಮುಚ್ಚಳವು ಇದೇ ತರ್ಕದ ಮುಂದುವರಿಕೆ: ಹಬ್ ತುಂಬಿದ ಮೇಲೆ ಸ್ಪ್ರಿಂಗಿನ ಬಲದಿಂದ ಅದು ಗ್ರೀಸನ್ನು ಸದಾ ತುಸು ಒತ್ತಿಹಿಡಿದು, ಒಳಗಿನ ಒತ್ತಡ ಹೊರಗಿಗಿಂತ ಕೊಂಚ ಹೆಚ್ಚಿರುವಂತೆ ನೋಡಿಕೊಳ್ಳುತ್ತದೆ. ಗೇರ್ ಎಣ್ಣೆಯಿಂದ ನಯಗೊಳ್ಳುವ ಅಚ್ಚುಗಳಿಗೆ ಉಸಿರುನಳಿಕೆಯೇ ಉಪಾಯ. ಅಚ್ಚಿನ ಪೆಟ್ಟಿಗೆಯಿಂದ ಹೊರಟ ಸಣ್ಣ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು ಬಿಟ್ಟರೆ, ತಣಿಯುವ ಪೆಟ್ಟಿಗೆ ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ತುಕ್ಕು ಹಿಡಿಯದ ಉಕ್ಕಿನ ಬೇರಿಂಗ್ ಹಾಕಿಸುವ ಆಸೆ ಹಲವರಿಗಿದೆ. ಅವು ದುಬಾರಿ, ಅದೇ ಅಳತೆಯ ಸಾಮಾನ್ಯ ಬೇರಿಂಗಿಗಿಂತ ಕಡಿಮೆ ಭಾರ ಹೊರುತ್ತವೆ, ಎಣ್ಣೆಯ ಪೊರೆ ಹರಿದರೆ ಅವೂ ಸವೆಯುತ್ತವೆ. ಆ ಹಣ ಸೀಲಿಗೆ ಸಲ್ಲುವುದು ಮೇಲು.

ಗ್ರೀಸ್ ಗನ್ನಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೈಯಿಂದ ಒತ್ತುವ ಗನ್ನಿನ ಮೂತಿಯಲ್ಲಿ ವಾಯುಮಂಡಲದ ಒತ್ತಡದ ನೂರಾರು ಪಟ್ಟು ಒತ್ತಡ ಹುಟ್ಟಬಲ್ಲದು, ಸಾಮಾನ್ಯ ಸೀಲಿನ ತುಟಿ ತಡೆಯಬಲ್ಲದ್ದು ಒಂದು ವಾಯುಮಂಡಲದ ಅರ್ಧದಷ್ಟು ಮಾತ್ರ. ಚಕ್ರವನ್ನು ಜ್ಯಾಕಿನ ಮೇಲೆತ್ತಿ, ಕೈಯಿಂದ ತಿರುಗಿಸುತ್ತ, ಒಂದೊಂದು ಒತ್ತಿಗೂ ನಡುವೆ ಬಿಡುವು ಕೊಟ್ಟು ತುಂಬದಿದ್ದರೆ ತುಟಿ ಮಗುಚಿಕೊಂಡು ನೀರಿಗೆ ರಾಜಮಾರ್ಗವಾಗುತ್ತದೆ. ಅಷ್ಟೇ ಅಲ್ಲ, ಒಳಮಗ್ಗುಲಿನ ಸೀಲನ್ನು ದಾಟಿದ ಗ್ರೀಸು ನೇರವಾಗಿ ಬ್ರೇಕ್ ಡ್ರಮ್ಮಿಗೆ ಬೀಳುತ್ತದೆ. ದಡ ಹತ್ತಿದ ಕೂಡಲೇ ಬ್ರೇಕ್ ಹಿಡಿಯದಿದ್ದರೆ ಅದಕ್ಕೆ ನೀರೇ ಕಾರಣವೆಂದು ಸುಮ್ಮನಾಗುವುದು ಅಪಾಯಕರ.

ಇಷ್ಟೆಲ್ಲ ಭಾಗಗಳ ಮಾತಿನ ನಡುವೆಯೂ ಅತಿ ಅಗ್ಗದ ರಕ್ಷಣೆ ಸಮಯವೇ. ದಡಕ್ಕೆ ಬಂದ ವಾಹನವನ್ನು ಇಳಿಜಾರಿಗೆ ಮುಂಚೆ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಅಂಗೈ ಇಟ್ಟರೆ ಹಬ್ ಬೆಚ್ಚಗಷ್ಟೇ ಇದೆ ಎನ್ನುವವರೆಗೆ ಕಾದರೆ ಮೇಲೆ ಹೇಳಿದ ಶೇ 13ರ ಹೀರುವಿಕೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ಉಭಯಚರ ವಾಹನವಿಲ್ಲದವರಿಗೂ ಇದು ಅನ್ವಯಿಸುತ್ತದೆ: ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಿಸಿ ಬಂದ ಕಾರನ್ನು ನೇರವಾಗಿ ವಾಟರ್ ಸರ್ವಿಸಿಗೆ ನಿಲ್ಲಿಸಿ, ಕಾದ ಚಕ್ರಗಳಿಗೆ ತಣ್ಣೀರಿನ ಧಾರೆ ಹೊಡೆಸುವುದು ಇದೇ ಪ್ರಯೋಗದ ಇನ್ನೊಂದು ರೂಪ.

ನೀರಿನಿಂದ ಮೇಲೆ ಬಂದ ಬಳಿಕದ ಕೆಲಸ ಅದೇ ದಿನ ಆಗಬೇಕು. ಉಪ್ಪುನೀರಾಗಿದ್ದರೆ ಮೊದಲು ಸಿಹಿನೀರಿನಲ್ಲಿ ತೊಳೆದು, ಆಮೇಲೆ ಹೊಸ ಗ್ರೀಸ್ ಒತ್ತಿ, ಸೀಲಿನ ಅಂಚಿನಲ್ಲಿ ಹೊರಬರುವುದನ್ನು ಬೆರಳಿನಲ್ಲಿ ತೆಗೆದು ನೋಡಬೇಕು. ಮೊದಲು ಬರುವುದು ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆರಳ ನಡುವೆ ತೆಳುವಾಗಿ ಜಾರುವ ಗ್ರೀಸಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಹಾಕಿದ ಬಣ್ಣದ್ದೇ ಹೊರಬರುವವರೆಗೆ ಒತ್ತುವುದನ್ನು ನಿಲ್ಲಿಸಬಾರದು. ಅದರಲ್ಲಿ ಬಿಸಿಲಿಗೆ ಮಿನುಗುವ ಕಣಗಳು ಕಂಡರೆ ಗ್ರೀಸಿನ ಕೆಲಸ ಮುಗಿದಿದೆ, ಬೇರಿಂಗ್ ಬಿಚ್ಚಲೇಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ, ಅಂದರೆ ಸಡಿಲು, ಗೊತ್ತಾಗುವಂತಿದ್ದರೆ ಸೀಲಿನ ತುಟಿಯೂ ಪ್ರತಿ ಸುತ್ತಿಗೆ ಅತ್ತಿತ್ತ ತೂಗಿ ನೀರನ್ನು ಪಂಪಿನಂತೆ ಒಳಕ್ಕೆ ಸೇದುತ್ತದೆಯಾದ್ದರಿಂದ, ನಟ್ಟಿನ ಬಿಗಿತವನ್ನು ಸರಿಪಡಿಸದೆ ಹೊಸ ಸೀಲು ಹಾಕುವುದು ವ್ಯರ್ಥ. ಮಳೆಗಾಲ ಕಳೆದು ವಾಹನವನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಇಡುವುದಾದರೆ, ಅಚ್ಚಿನ ಕೆಳಗೆ ಆಸರೆ ಕೊಟ್ಟು ಚಕ್ರಗಳನ್ನು ನೆಲದಿಂದ ಮೇಲೆತ್ತಿ, ವಾರಕ್ಕೊಮ್ಮೆ ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಹಿಂದಿನ ವಾರ ನಿಂತ ಜಾಗದಲ್ಲಿ ನಿಲ್ಲದಂತೆ ಬಿಡಬೇಕು. ಟಯರಿನ ಮೇಲೆ ಸೀಮೆಸುಣ್ಣದ ಒಂದು ಗೀಟು ಹಾಕಿಟ್ಟುಕೊಂಡರೆ ಯಾವ ಚಕ್ರ ಎಲ್ಲಿ ನಿಂತಿತ್ತೆಂಬುದು ತಿಳಿಯುತ್ತದೆ.